ಜಾರಿದವರು ಮರಳಬಹುದೆ?



ನಾನು ಕ್ರೈಸ್ತನಲ್ಲ, ಧರ್ಮಶಾಸ್ತ್ರದ ವಿದ್ವಾಂಸನೂ ಅಲ್ಲ. ಇತಿಹಾಸದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಮೂರು ದಶಕಗಳಿಂದ ಕೇಂದ್ರ ಸರ್ಕಾರದ ಕಡತಗಳ ನಡುವೆ ಬಾಳುತ್ತಿರುವವನು. ನಂಬಿಕೆಯಿಂದ ಜಾರಿದವನು ರಕ್ಷಣೆಯನ್ನು ಕಳೆದುಕೊಳ್ಳುವನೇ ಎಂಬ ಕ್ರೈಸ್ತರ ಹಳೆಯ ಪ್ರಶ್ನೆ ನನ್ನನ್ನು ಸೆಳೆದದ್ದು ಒಂದು ಸರ್ಕಾರಿ ಪ್ರಮಾಣಪತ್ರದ ಮೂಲಕ.

ಕ್ರಿ.ಶ. 250ರ ಮಾತು. ಪ್ರಜೆಗಳು ದೇವತೆಗಳಿಗೆ ಬಲಿಯರ್ಪಿಸಿ ಅಧಿಕಾರಿಗಳಿಂದ ಪ್ರಮಾಣಪತ್ರ ಪಡೆಯಬೇಕೆಂದು ರೋಮನ್ ಚಕ್ರವರ್ತಿ ಡೀಸಿಯಸ್ ಆಜ್ಞಾಪಿಸಿದ್ದನು. ಅಂಥ ನಲವತ್ತಕ್ಕೂ ಹೆಚ್ಚು ಪತ್ರಗಳು ಈಜಿಪ್ಟಿನಲ್ಲಿ ದೊರೆತಿವೆ. ಒಕ್ಕಣೆ ಬಹುಮಟ್ಟಿಗೆ ಒಂದೇ: ಅರ್ಜಿದಾರನ ಹೆಸರು, ಊರು, ತಾನು ಸದಾ ದೇವತೆಗಳನ್ನು ಪೂಜಿಸಿದವನೆಂಬ ಹೇಳಿಕೆ, ಈಗ ತಮ್ಮ ಸಮಕ್ಷಮ ಬಲಿಯಿತ್ತು ನೈವೇದ್ಯವನ್ನು ಸೇವಿಸಿದೆನೆಂಬ ನಿವೇದನೆ, ಕೆಳಗೆ ಸಾಕ್ಷಿ, ರುಜು, ತಾರೀಖು. ನಮ್ಮ ಕಚೇರಿಯ ನಮೂನೆಗಳಿಗೂ ಇದಕ್ಕೂ ದೂರದ ಸಂಬಂಧವೇನಲ್ಲ!

ಕ್ರೈಸ್ತರಲ್ಲಿ ಕೆಲವರು ಸೆರೆಮನೆ ಸೇರಿದರು, ಕೆಲವರು ಸತ್ತರು. ಬಹಳ ಜನ ಬಲಿಯಿತ್ತರು. ಇನ್ನು ಕೆಲವರು ಬಲಿ ಕೊಡದೆಯೇ ಹಣ ತೆತ್ತು ಪತ್ರವನ್ನು ಕೊಂಡರು. ಕೈ ಮಲಿನವಾಗಲಿಲ್ಲವೆಂಬುದು ಅವರ ಸಮಾಧಾನ. ಹಿಂಸೆ ತಣ್ಣಗಾದ ಮೇಲೆ ಇವರೆಲ್ಲ ಸಭೆಯ ಬಾಗಿಲಿಗೆ ಬಂದು ನಿಂತರು.

ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿ ಬಿಷಪ್ ಆಗಿದ್ದವರು ಸಿಪ್ರಿಯನ್. ಹಿಂಸೆಯ ದಿನಗಳಲ್ಲಿ ಅವರೇ ತಲೆಮರೆಸಿಕೊಂಡಿದ್ದುದರಿಂದ ಅವರ ಮಾತಿಗೆ ಬೆಲೆ ಕಡಿಮೆಯಾಗಿತ್ತು. ಸೆರೆಯಲ್ಲಿ ನಂಬಿಕೆ ಬಿಡದ ಧೀರರಾದರೋ ಜಾರಿದವರಿಗೆ ಕ್ಷಮಾಪತ್ರಗಳನ್ನು ಧಾರಾಳವಾಗಿ ಬರೆದುಕೊಡತೊಡಗಿದ್ದರು. ಕೆಲವು ಪತ್ರಗಳಲ್ಲಿ ಒಬ್ಬನ ಹೆಸರು ಬರೆದು, ಅವನ ಕಡೆಯವರನ್ನೆಲ್ಲ ಸೇರಿಸಿಕೊಳ್ಳಿರೆಂದಷ್ಟೇ ಇತ್ತು. ಆ ಕಡೆಯವರು ಐವರೋ ಐವತ್ತು ಮಂದಿಯೋ ತಿಳಿಯದು. ಸಿಪ್ರಿಯನ್ ಆಕ್ಷೇಪಿಸಿದರು. ಕಡತ ನೋಡಿ ಬಲ್ಲ ಯಾರಾದರೂ ಆಕ್ಷೇಪಿಸಿಯಾರು.

ರೋಮಿನ ನೊವೇಷಿಯನ್ ಅವರದು ಕಠೋರ ನಿಲುವು: ದೇವರು ಕ್ಷಮಿಸಬಹುದು, ಸಭೆಗೆ ಆ ಅಧಿಕಾರವಿಲ್ಲ. ಸಿಪ್ರಿಯನ್ ನಡುದಾರಿ ಹಿಡಿದರು. 251ರ ಕಾರ್ಥೇಜ್ ಸಮ್ಮೇಳನವು ಪತ್ರ ಕೊಂಡವರನ್ನು ಒಬ್ಬೊಬ್ಬರಾಗಿ ವಿಚಾರಿಸಿ ಸೇರಿಸಿಕೊಳ್ಳಬೇಕೆಂದೂ, ಬಲಿಯಿತ್ತವರು ಪಶ್ಚಾತ್ತಾಪದಲ್ಲಿದ್ದರೆ ಮರಣಶಯ್ಯೆಯಲ್ಲಿ ಅವರಿಗೆ ಕ್ಷಮೆ ದೊರೆಯಬೇಕೆಂದೂ ತೀರ್ಮಾನಿಸಿತು. ಸ್ವಲ್ಪ ಕಾಲದಲ್ಲೇ ಮತ್ತೊಂದು ಹಿಂಸೆಯ ಸೂಚನೆ ಕಂಡಿತು. ಆಗ ಪಶ್ಚಾತ್ತಾಪಪಡುತ್ತಿದ್ದವರೆಲ್ಲರಿಗೂ ಬಾಗಿಲು ತೆರೆಯಿತು. ಆಯುಧವನ್ನೇ ಕೊಡದೆ ಯುದ್ಧಕ್ಕೆ ಕಳಿಸಲಾಗದೆಂಬುದು ಬಿಷಪ್ಪರ ವಾದ. 258ರಲ್ಲಿ ಸಿಪ್ರಿಯನ್ನರೇ ಖಡ್ಗಕ್ಕೆ ತಲೆಯೊಡ್ಡಿದರು.

ಗ್ರಂಥಾಧಾರ ಎರಡೂ ಕಡೆಗಿದೆ. ಇಬ್ರಿಯರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯ, ಬೆಳಕು ಕಂಡು ಜಾರಿದವರನ್ನು ಮರಳಿ ತರುವುದು ಅಸಾಧ್ಯವೆನ್ನುತ್ತದೆ. ಯೋಹಾನನ ಸುವಾರ್ತೆಯಲ್ಲಿ ಕ್ರಿಸ್ತನು ತನ್ನ ಕುರಿಗಳನ್ನು ಯಾರೂ ಕಸಿಯಲಾರರೆನ್ನುತ್ತಾನೆ. ಮೂರು ಬಾರಿ ಗುರುವನ್ನು ಅಲ್ಲಗಳೆದ ಪೇತ್ರನೇ ಸಭೆಗೆ ಹಿರಿಯನಾದನು. ಮುಂದೆ 1618-19ರ ಡಾರ್ಟ್ ಸಮ್ಮೇಳನದಲ್ಲಿ ಕ್ಯಾಲ್ವಿನ್ ಪಂಥದವರು, ದೇವರು ಆಯ್ದವರು ಕಡೆಯವರೆಗೆ ಬಿದ್ದಿರಲಾರರೆಂದು ವಿಧಿಸಿದರು. ಬೀಳಬಹುದೆಂದು ಹದಿನೆಂಟನೆಯ ಶತಮಾನದಲ್ಲಿ ವೆಸ್ಲಿ ಬೋಧಿಸಿದರು. ಮಾರಕ ಪಾಪದಿಂದ ಕೃಪೆ ನಷ್ಟವಾಗುತ್ತದೆ, ಪಾಪನಿವೇದನೆಯಿಂದ ಮರಳುತ್ತದೆ ಎಂಬುದು ಕ್ಯಾಥೊಲಿಕರ ಮತ. ಮೈಸೂರು ಸೀಮೆಯ ವೆಸ್ಲಿಯನ್ನರು 1947ರಲ್ಲಿ ಪ್ರೆಸ್ಬಿಟೀರಿಯನ್ ಮೊದಲಾದವರೊಡನೆ ದಕ್ಷಿಣ ಭಾರತ ಸಭೆಯಲ್ಲಿ ಒಂದಾಗಲು ಈ ಭೇದ ಅಡ್ಡಬರಲಿಲ್ಲವೆಂಬುದು ಗಮನಾರ್ಹ.

ಕಾರ್ಥೇಜಿನ ಆ ಬಾಗಿಲು ನಮ್ಮ ನಾಡಿನಲ್ಲೂ ಒಮ್ಮೆ ತೆರೆಯಬೇಕಾಯಿತು. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ಯಲಾಯಿತು; ಅನೇಕರು ಬಲವಂತದಿಂದ ಮತಾಂತರಗೊಂಡರು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಅಲ್ಲಿಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್, 1823ರಲ್ಲಿ ಪ್ರಕಟವಾದ ತಮ್ಮ ಪತ್ರಸಂಗ್ರಹದಲ್ಲಿ ಈ ಪ್ರಸಂಗವನ್ನು ನೆನೆದಿದ್ದಾರೆ. ಅಷ್ಟು ಸಾವಿರ ಜನರಲ್ಲಿ ನಂಬಿಕೆಯನ್ನು ಸಾರುವ ಎದೆಗಾರಿಕೆ ಒಬ್ಬನಿಗೂ ಇರಲಿಲ್ಲವೆಂದು ಅವರು ನಾಚುತ್ತಾರೆ. ಸೆರೆಯ ಬವಣೆಯನ್ನು ಅನುಭವಿಸದವರ ಈ ನಿಂದೆ ನನಗೆ ಅತಿಯೆನಿಸುತ್ತದೆ. ಮರಳಿ ಬಂದವರು ಹೇಳಿದ್ದನ್ನೂ ಅವರೇ ದಾಖಲಿಸಿದ್ದಾರೆ: ತಾವು ಬಿಟ್ಟದ್ದು ಹೊರಗಿನಿಂದ ಮಾತ್ರ, ಮನಸ್ಸಿನಲ್ಲಿ ಕ್ರಿಸ್ತನನ್ನು ಬಿಟ್ಟಿರಲಿಲ್ಲ. ಪತ್ರ ಕೊಂಡ ಕಾರ್ಥೇಜಿನವರ ಸಮಾಧಾನಕ್ಕೆ ಇದೆಷ್ಟು ಹತ್ತಿರ! ಅಂಥ ಸುಮಾರು ಎರಡು ಸಾವಿರ ಜನ ತಮಗೇ ಎದುರಾದರೆಂದು ದುಬಾಯ್ ಬರೆಯುತ್ತಾರೆ. ಉಳಿದವರಲ್ಲಿ ಬಹಳ ಮಂದಿ ಘಟ್ಟವಿಳಿದು ಮಂಗಳೂರಿನ ಕಡೆಗೆ ನಡೆದರು.