ಫೋನಿಗೂ ಪಂಪಿಗೂ ನಡುವೆ
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತು)



ರಾತ್ರಿ ತ್ರೀ ಫೇಸ್ ಕರೆಂಟು ಬಂದಾಗ ನಮ್ಮಪ್ಪ ಬ್ಯಾಟರಿ ಹಿಡಿದು ತೋಟಕ್ಕೆ ಹೋಗುತ್ತಿದ್ದರು. ಹಾವಿನ ಭಯ ಬೇರೆ. ಅದಕ್ಕೇ ಫೋನಿನಿಂದ ನಡೆಯುವ ಸ್ಟಾರ್ಟರ್ ಹಾಕಿಸಿಕೊಟ್ಟೆ.

ಫೋನಿನಲ್ಲಿ ಒತ್ತಿದ್ದು ನೇರವಾಗಿ ಪಂಪಿಗೆ ಹೋಗುತ್ತದೆಯೇ? ಇಲ್ಲ. ಮೊದಲು ಕಂಪನಿಯ ಸರ್ವರಿಗೆ, ಅಲ್ಲಿಂದ ಕೊಳವೆಬಾವಿಯ ಪೆಟ್ಟಿಗೆಗೆ. ಅಂಚೆ ಕಚೇರಿ ಇದ್ದ ಹಾಗೆ. ಇಂಥ ಅಂಚೆಯಲ್ಲಿ ಬಹಳ ಬಳಕೆಯಲ್ಲಿರುವ ಎಂಕ್ಯೂಟಿಟಿ ಎಂಬ ಪದ್ಧತಿಯನ್ನು 1999ರಲ್ಲಿ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ರೂಪಿಸಿದ್ದು ತೈಲ ಕೊಳವೆಗಳ ಮೇಲೆ ಉಪಗ್ರಹದ ಮೂಲಕ ಕಣ್ಣಿಡಲು. ಸಂಪರ್ಕ ದುಬಾರಿ, ಹಾಗಾಗಿ ಸಂದೇಶ ಚಿಕ್ಕದು. ತೀರಾ ಚಿಕ್ಕದು ಎರಡೇ ಬೈಟು. ಟೆಲಿಗ್ರಾಂ ಬರೆಸುವಾಗ ಪದ ಎಣಿಸುತ್ತಿದ್ದ ನಮ್ಮ ಮೇಷ್ಟ್ರು ಮೆಚ್ಚುತ್ತಿದ್ದರು.

ಕಳೆದ ಬೇಸಿಗೆಯಲ್ಲಿ ಆ ಕಂಪನಿ ಸರ್ವರ್ ನಿಲ್ಲಿಸಿತು. ಪಂಪು ಸರಿಯಿದೆ, ಫೋನು ಸರಿಯಿದೆ, ನಡುವಿನ ಅಂಚೆ ಕಚೇರಿಯೇ ಇಲ್ಲ! ಅಪ್ಪ ಮತ್ತೆ ಬ್ಯಾಟರಿ ಹಿಡಿದರು. ಅಮೆರಿಕದಲ್ಲೂ 2016ರ ಮೇ ತಿಂಗಳಲ್ಲಿ ಸೇವೆ ನಿಂತು, ಮನೆಯ ದೀಪಗಳನ್ನು ಆಳುತ್ತಿದ್ದ ರಿವಾಲ್ವ್ ಎಂಬ ಪೆಟ್ಟಿಗೆ ನಿಷ್ಪ್ರಯೋಜಕವಾಯಿತು. ದುಡ್ಡು ಕೊಟ್ಟು ಕೊಂಡ ವಸ್ತು ನಮ್ಮದಲ್ಲ ಎಂದಾದರೆ ಸಿಟ್ಟು ಬರುತ್ತದೆ.

2013ರಲ್ಲಿ ಶುರುವಾದ ಹೋಮ್ ಅಸಿಸ್ಟೆಂಟ್ ಎಂಬ ಉಚಿತ, ಮುಕ್ತ ತಂತ್ರಾಂಶವಿದೆ. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಅಂಚೆ ಕಚೇರಿ ನಮ್ಮ ಮನೆಯೊಳಗೇ. ರಜೆಯಲ್ಲಿ ಪಂಪನ್ನು ಅದಕ್ಕೆ ಜೋಡಿಸಿದೆ. ವೈಫೈ ಬಾವಿಯವರೆಗೆ ಮುಟ್ಟಿಸಲು ಎರಡು ದಿನ ಹೆಣಗಿದೆ. ಹಳೆಯ ಸ್ಟಾರ್ಟರನ್ನು ಕೀಳಲು ಮಾತ್ರ ಅಪ್ಪ ಬಿಡಲಿಲ್ಲ. ಅವರದೇ ಸರಿ.

ಅಂಥದೇ ಒಂದು ಪೈಯನ್ನು ನಮ್ಮ ವಿಜ್ಞಾನದ ಕೊಠಡಿಗೆ ಕೊಟ್ಟಿದ್ದೇನೆ. ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ. ಮಕ್ಕಳ ಕೈಯಲ್ಲಿ ಕೆಟ್ಟರೆ ಇನ್ನೊಂದು ತಂದುಕೊಡುತ್ತೇನೆ.