ಎರಡು ಪುಟ್ಟ ವಿಮಾನಗಳು, ಒಂದು ಹಳೆಯ ಬಾಕಿ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನನಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ಐಟಿಐ ಮುಗಿಸಿ, ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿ ದುಡಿದು ನಿವೃತ್ತನಾದವನು ನಾನು. ಕೈ ಓಡಿದಷ್ಟು ನಾಲಿಗೆ ಓಡುವುದಿಲ್ಲ. ಅದಕ್ಕೇ ಈ ಎರಡು ಮರದ ವಿಮಾನಗಳನ್ನು ಮೇಜಿನ ಮೇಲೆ ಇಟ್ಟಿದ್ದೇನೆ. ಇವು ನಮ್ಮ ಶಾಲೆಯ ವಿಜ್ಞಾನದ ಕೊಠಡಿಗೆ. ಇವುಗಳ ಕಥೆ ಹೇಳಿ ಕೂತುಬಿಡುತ್ತೇನೆ.

ಎಡಗಡೆಯದು ನ್ಯಾಟ್, ಬಲಗಡೆಯದು ಅಜೀತ್. ಒಂದೇ ಮನೆತನದ ಅಣ್ಣ ತಮ್ಮಂದಿರು. ನ್ಯಾಟ್ ಎಂದರೆ ನೊರಜು. ಯುದ್ಧವಿಮಾನಗಳು ವರ್ಷದಿಂದ ವರ್ಷಕ್ಕೆ ಭಾರವಾಗುತ್ತಿವೆ, ದುಬಾರಿಯಾಗುತ್ತಿವೆ, ಚಿಕ್ಕದಾಗಿಯೂ ಮಾಡಬಹುದು ಎಂದು ಹಟ ಹಿಡಿದು ಇದನ್ನು ರೂಪಿಸಿದವರು ಇಂಗ್ಲೆಂಡಿನ ಫಾಲೆಂಡ್ ಕಂಪನಿಯ ಪೆಟರ್ ಎಂಬ ಎಂಜಿನಿಯರ್. 1955ರಲ್ಲಿ ಅದು ಮೊದಲ ಸಲ ಹಾರಿತು. ಅವರ ದೇಶದ ವಾಯುಪಡೆ ಎರಡು ಆಸನದ ತರಬೇತಿ ನ್ಯಾಟ್ ಅನ್ನು ಮಾತ್ರ ಇಟ್ಟುಕೊಂಡಿತು. ಒಂದು ಆಸನದ ಯುದ್ಧವಿಮಾನವನ್ನು ಭಾರತ ತೆಗೆದುಕೊಂಡು ಬೆಂಗಳೂರಿನಲ್ಲೇ ತಯಾರಿಸಿತು. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ಹಲವು ಸೇಬರ್ ವಿಮಾನಗಳನ್ನು ಎದುರಿಸಿ ಮಡಿದ ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಹಾರಿಸುತ್ತಿದ್ದುದು ನ್ಯಾಟ್. ನಮ್ಮ ವಾಯುಪಡೆಗೆ ಬಂದಿರುವ ಒಂದೇ ಪರಮವೀರ ಚಕ್ರ ಅವರದು.

ಮರುವರ್ಷ, ಅಂದರೆ 1972ರಲ್ಲಿ, ನಾನು ಇದೇ ಶಾಲೆಯಲ್ಲಿ ಒಂಬತ್ತನೇ ತರಗತಿ. ಎಲ್ಲರ ಬಾಯಲ್ಲೂ ಯುದ್ಧದ ಮಾತೇ. ವಿಜ್ಞಾನ ವಸ್ತುಪ್ರದರ್ಶನಕ್ಕೆ ನ್ಯಾಟ್ ಮಾಡೋಣ ಎಂದು ನಾನು ಹೊರಟೆ. ನಮ್ಮ ಮೇಷ್ಟ್ರು ಒಂದು ಪತ್ರಿಕೆಯ ಚಿತ್ರ ಕೊಟ್ಟು, ಅಳತೆಯ ಲೆಕ್ಕ ಹೇಳಿಕೊಟ್ಟರು. 72 ಪಾಲು ಚಿಕ್ಕದು ಮಾಡಿದರೆ ಆರು ಅಡಿ ಒಂದು ಅಂಗುಲವಾಗುತ್ತದೆ. ಆರಡಿ ಆಳು ಹೆಬ್ಬೆರಳಿನ ಗೆಣ್ಣಿನಷ್ಟು! ನ್ಯಾಟ್‌ನ ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 22 ಅಡಿ. ಮಾದರಿಯಲ್ಲಿ ನಾಲ್ಕು ಅಂಗುಲವೂ ಇಲ್ಲ.

ಲೆಕ್ಕ ನಾನು ಮಾಡಿದೆ, ಚಾರ್ಟು ನಾನು ಬರೆದೆ. ಆದರೆ ವಿಮಾನ ಮಾಡಿದ್ದು ನಾನಲ್ಲ. ನನ್ನ ಪಕ್ಕ ಕೂರುತ್ತಿದ್ದ ಬಡಗಿಯವರ ಮನೆಯ ಹುಡುಗ. ಅಪ್ಪನ ಉಳಿ ತಂದು, ಹಾಲೆ ಮರದ ತುಂಡಿನಲ್ಲಿ ನಾಲ್ಕು ಸಂಜೆ ಕೂತು ಕೆತ್ತಿದ. ಗೇಟಿಗೆ ಬಳಿದು ಉಳಿದಿದ್ದ ಬೆಳ್ಳಿ ಬಣ್ಣ ಹಚ್ಚಿದ. ವಾಯುಪಡೆಯ ಚಕ್ರದ ಗುರುತಿನಲ್ಲಿ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು ಎಂದು ನಾನು ಹೇಳಿದೆ, ಬರೆದವನು ಅವನು. ಪ್ರದರ್ಶನದ ದಿನ ಚೀಟಿಯಲ್ಲಿ ನನ್ನ ಹೆಸರು ಮಾತ್ರ ಇತ್ತು. ಬರೆದವನು ನಾನೇ. ಮೊದಲ ಬಹುಮಾನದ ಪೆನ್ನು ನನ್ನ ಜೇಬಿಗೆ ಬಂತು. ಅವನು ಹಿಂದೆ ನಿಂತು ಚಪ್ಪಾಳೆ ತಟ್ಟಿದ.

ಎಸ್‌ಎಸ್‌ಎಲ್‌ಸಿಯಲ್ಲಿ ಅವನು ನಪಾಸಾದ, ಉಳಿ ಹಿಡಿದ. ನಾನು ಬೆಂಗಳೂರಿಗೆ ಹೋದೆ. ಆ ಪೆನ್ನಿನ ಮಾತನ್ನು ನಾವಿಬ್ಬರೂ ಎತ್ತಲಿಲ್ಲ.

ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಅಲ್ಲಿ ಅಜೀತ್ ತಯಾರಾಗುತ್ತಿತ್ತು. ಹೊಸದಾಗಿ ಕಟ್ಟಿದ ಮೊದಲನೆಯದು ಹಾರಿದ್ದು 1976ರ ಸೆಪ್ಟೆಂಬರ್‌ನಲ್ಲಿ. ಒಟ್ಟು 79 ಹೊಸದಾಗಿ ಕಟ್ಟಿದರು. ದೂರದಿಂದ ನೋಡಿದರೆ ನ್ಯಾಟ್‌ಗೂ ಇದಕ್ಕೂ ವ್ಯತ್ಯಾಸ ಕಾಣದು. ಅದೇ ಆರ್ಫಿಯಸ್ ಎಂಜಿನ್, ಗಾಳಿ ಒಳಹೋಗುವ ಬಾಯಿಗಳ ಪಕ್ಕದಲ್ಲಿ ಅದೇ ಎರಡು 30 ಮಿ.ಮೀ. ಫಿರಂಗಿ. ಚಕ್ರಗಳು ರೆಕ್ಕೆಗೆ ಮಡಚುವುದಿಲ್ಲ, ಹೊಟ್ಟೆಯೊಳಗೇ ಹೋಗುತ್ತವೆ. ವೇಗ ತಗ್ಗಿಸಲು ಚಕ್ರದ ಬಾಗಿಲುಗಳನ್ನೇ ಅರ್ಧ ಇಳಿಸಿ ಗಾಳಿಗೆ ಅಡ್ಡ ಕೊಡುತ್ತಿದ್ದರು. ಅಷ್ಟು ಜಿಪುಣತನದ ವಿಮಾನ.

ನಿವೃತ್ತಿಯಾಗಿ ಊರಿಗೆ ಬಂದ ಮೇಲೆ ಎರಡನ್ನೂ ಅಕ್ಕಪಕ್ಕ ಮಾಡಬೇಕು ಅನ್ನಿಸಿತು. ಮರ ಕೇಳಲು ಅದೇ ಗೆಳೆಯನ ಮನೆಗೆ ಹೋದೆ. ಈ ಸಲ ನಾನೇ ಕೆತ್ತಿದೆ. ಪ್ಲಾಸ್ಟಿಕ್ ಬಾಟಲಿಯ ತುಂಡನ್ನು ಕಾಯಿಸಿ, ಮರದ ಅಚ್ಚಿನ ಮೇಲೆ ಎಳೆದು ಪೈಲಟ್ ತಲೆಯ ಮೇಲಿನ ಗಾಜು ಮಾಡಿದೆ. ಒಂದಕ್ಕೆ ಬೆಳ್ಳಿ, ಇನ್ನೊಂದಕ್ಕೆ ಹಸಿರು ಬೂದು ಬಣ್ಣ ಬಳಿದು, ಹೆಮ್ಮೆಯಿಂದ ಅವನ ಮುಂದೆ ಇಟ್ಟೆ.

ಅವನು ಎರಡನ್ನೂ ತಿರುಗಿಸಿ, ಅಡಿಮೇಲು ಮಾಡಿ ನೋಡಿದ. "ಇದ್ರ ರೆಕ್ಕೆ ಅಡೀಲೂ ಅದೇ ತೊಟ್ಟಿ ನೇತಾಕಿದ್ದೀಯಲ್ಲೋ. ಹಾಗಾದ್ರೆ ನೀವು ಬೆಂಗಳೂರಲ್ಲಿ ಹೊಸದಾಗಿ ಮಾಡಿದ್ದೇನು?" ಅಂದ.

ನಾಚಿಕೆಯಾಯಿತು. ಅಷ್ಟು ವರ್ಷ ದುಡಿದವನು ಬಣ್ಣ ಬದಲಾಯಿಸಿ ಸುಮ್ಮನಾಗಿದ್ದೆ. ನಿಜವಾದ ಬದಲಾವಣೆ ಇದ್ದದ್ದೇ ರೆಕ್ಕೆಯಲ್ಲಿ. ನ್ಯಾಟ್ ದೂರ ಹೋಗಬೇಕಾದರೆ ರೆಕ್ಕೆಯಡಿ ಇಂಧನದ ತೊಟ್ಟಿ ಕಟ್ಟಿಕೊಳ್ಳಬೇಕಿತ್ತು. ಅಜೀತ್‌ನಲ್ಲಿ ರೆಕ್ಕೆಯೇ ತೊಟ್ಟಿ. ಇಂಧನ ಅದರೊಳಗೇ ತುಂಬುತ್ತಿದ್ದರು. ಹಾಗಾಗಿ ರೆಕ್ಕೆಯಡಿ ಜಾಗ ಬಿಡುವಾಗಿ, ಪೈಲಾನ್ ಎನ್ನುವ ನಾಲ್ಕು ಗೂಟಗಳಲ್ಲಿ ಬಾಂಬು, ರಾಕೆಟ್ಟು ಹೊರಬಹುದಿತ್ತು. ಪೈಲಟ್ ಹೊರಕ್ಕೆ ಚಿಮ್ಮುವ ಆಸನವೂ ಬೇರೆ. ಇದರದು ಮಾರ್ಟಿನ್-ಬೇಕರ್ ಆಸನ. ವಿಮಾನದ ಹಿಡಿತಕ್ಕೆ ಸಂಬಂಧಿಸಿದ ಹೈಡ್ರಾಲಿಕ್ ವ್ಯವಸ್ಥೆಯನ್ನೂ ಸುಧಾರಿಸಿದ್ದರು. ಅದು ಮಾದರಿಯಲ್ಲಿ ಕಾಣುವುದಿಲ್ಲ, ಹಾರಿಸಿದವರಿಗೆ ಗೊತ್ತು. ಹಳೆಯದನ್ನು ಎಸೆಯಲಿಲ್ಲ. ಯುದ್ಧದಲ್ಲಿ ಎಲ್ಲೆಲ್ಲಿ ಕೊರತೆ ಕಂಡಿತೋ ಅಲ್ಲಲ್ಲಿ ಕೈ ಹಾಕಿ ಸರಿ ಮಾಡಿದರು. ಆಮೇಲೆ ಹೆಸರು ಇಟ್ಟರು: ಅಜೀತ, ಸೋಲದವನು.

ಆ ರೆಕ್ಕೆಯನ್ನು ಕಿತ್ತೆವು. ಹೊಸ ರೆಕ್ಕೆ ಅವನೇ ಕೆತ್ತಿಕೊಟ್ಟ. ನಾನು ತಗಡು ಕತ್ತರಿಸಿ ನಾಲ್ಕು ಗೂಟ ಮಾಡಿದೆ. ಮಕ್ಕಳೇ, ಆಮೇಲೆ ಬಂದು ಎರಡನ್ನೂ ಅಡಿಮೇಲು ಮಾಡಿ ನೋಡಿ. ಬೆಂಗಳೂರಿಗೆ ಹೋದಾಗ ಎಚ್‌ಎಎಲ್ ಹೆರಿಟೇಜ್ ಸೆಂಟರ್‌ಗೂ ಹೋಗಿ ಬನ್ನಿ.

ಪೀಠದ ಹಲಗೆಗೆ ಚೀಟಿ ಅಂಟಿಸುವಾಗ ನನ್ನ ಕೈ ನಿಂತಿತು. ಒಂಬತ್ತನೇ ತರಗತಿಯ ಚೀಟಿ ನೆನಪಾಯಿತು. ಆ ಪೆನ್ನಿನ ವಿಷಯ ಅವತ್ತು ಅವನಿಗೆ ಹೇಳಿದೆ. "ನಿಂಗಿನ್ನೂ ನೆನಪೈತೇನೋ?" ಅಂದ. ನನಗೆ ನೆನಪಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಅವನೂ ಮರೆತಿಲ್ಲ ಎಂದು ನನಗೆ ಆಗ ಗೊತ್ತಾಯಿತು.

ಈಗ ಪೀಠದ ಮೇಲೆ ಎರಡು ಹೆಸರಿವೆ, ಅವನದು ಮೊದಲು. ಅವನು ಹಿಂದಿನ ಸಾಲಿನಲ್ಲಿ ಕೂತಿದ್ದಾನೆ. ಮೈಕಿನಲ್ಲಿ ಹೆಸರು ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿದ್ದಾನೆ. ಅದಕ್ಕೇ ಹೇಳುತ್ತಿಲ್ಲ, ನೀವೇ ಬಂದು ಓದಿಕೊಳ್ಳಿ.

ಶಿಕ್ಷಕರಲ್ಲಿ ನನ್ನದೊಂದೇ ಕೋರಿಕೆ. ಮಕ್ಕಳು ಏನಾದರೂ ಮಾಡಿ ತಂದಾಗ, ಚೆನ್ನಾಗಿದೆ ಎನ್ನುವ ಮೊದಲು "ಇದರಲ್ಲಿ ಯಾರ್ಯಾರ ಕೈ ಇದೆ?" ಎಂದು ಕೇಳಿ. ಅವತ್ತು ಯಾರಾದರೂ ಹಾಗೆ ಕೇಳಿದ್ದರೆ ನಾನು ನಿಜ ಹೇಳುತ್ತಿದ್ದೆ ಎಂದು ನಂಬಿದ್ದೇನೆ.