ಮೈಕು ಯಾರ ಕೈಯಲ್ಲಿದೆ?

(ಹಾಸ್ಟೆಲ್ ಗೆಳೆಯರ ಮುಂದೆ ಆಡಿದ ಮಾತು)



ಉದ್ದ ಭಾಷಣ ಬೇಡ ಅಂದಿದ್ದೀರಿ. ಸರಿ, ಒಬ್ಬ ಮನುಷ್ಯನ ಕಥೆ ಹೇಳ್ತೀನಿ. ಅಮೆರಿಕದ ಜೆರ್ರಿ ಸ್ಪ್ರಿಂಗರ್. ರಾಜಕಾರಣ ಬಿಟ್ಟು ಟಿವಿಗೆ ಹೋದವನು.

ಈತ ಯಹೂದಿ. ಹಿಟ್ಲರನ ಜರ್ಮನಿಯಿಂದ ಜೀವ ಉಳಿಸಿಕೊಂಡು ಓಡಿದ ತಂದೆತಾಯಿಯ ಮಗ. ಹುಟ್ಟಿದ್ದು 1944ರಲ್ಲಿ, ಬಾಂಬಿಗೆ ಹೆದರಿ ಜನ ಅಡಗುತ್ತಿದ್ದ ಲಂಡನ್ನಿನ ನೆಲದಡಿಯ ರೈಲು ನಿಲ್ದಾಣದಲ್ಲಿ. ಅಜ್ಜಿಯರಿಬ್ಬರೂ ನಾಜಿಗಳ ಕೈಯಲ್ಲಿ ಸತ್ತರು. 1949ರಲ್ಲಿ ಕುಟುಂಬ ಅಮೆರಿಕ ಸೇರಿತು. ಹುಡುಗ ಕಾನೂನು ಓದಿದ. 1968ರಲ್ಲಿ ರಾಬರ್ಟ್ ಕೆನಡಿಯ ಚುನಾವಣೆಗೆ ದುಡಿದ. 1971ರಲ್ಲಿ ಸಿನ್ಸಿನಾಟಿ ನಗರಸಭೆಗೆ ಗೆದ್ದ.

1974ರಲ್ಲಿ ವೇಶ್ಯೆಗೆ ಚೆಕ್ಕಿನಲ್ಲಿ ಹಣ ಕೊಟ್ಟಿದ್ದು ಬಯಲಾಗಿ ರಾಜೀನಾಮೆ ಕೊಟ್ಟ. ಇವನ ಕಥೆ ಮುಗೀತು ಅಂದ್ರು ಜನ. ಆದರೆ ಆತ ಮುಚ್ಚಿಡಲಿಲ್ಲ, ತಪ್ಪು ಒಪ್ಪಿಕೊಂಡ. 1975ರಲ್ಲಿ ಮತ್ತೆ ಗೆದ್ದ, 1977ರಲ್ಲಿ ಮೇಯರೂ ಆದ. ನೋಡಿ, ತನ್ನ ನಾಚಿಕೆಯನ್ನು ತಾನೇ, ತನ್ನ ಬಾಯಿಂದಲೇ ಹೇಳಿದ. ಅದಕ್ಕೇ ತಲೆ ಎತ್ತಿ ನಿಂತ.

1982ರಲ್ಲಿ ಒಹಾಯೋ ರಾಜ್ಯದ ಗವರ್ನರ್ ಆಗಲು ಹೊರಟ. ತನ್ನ ಡೆಮಾಕ್ರಟಿಕ್ ಪಕ್ಷದೊಳಗಿನ ಚುನಾವಣೆಯಲ್ಲೇ ಸೋತ. ಆಮೇಲೆ ಅದೇ ಊರಿನ ಟಿವಿಯಲ್ಲಿ ಸುದ್ದಿ ಹೇಳಿದ. 1991ರಲ್ಲಿ ಅವನ ಹೆಸರಿನದೇ ಕಾರ್ಯಕ್ರಮ ಶುರುವಾಯಿತು. ಮೊದಲು ರಾಜಕೀಯದ ಗಂಭೀರ ಮಾತು. ನೋಡುವವರು ಕಡಿಮೆ. ಮೂರು ವರ್ಷದಲ್ಲಿ ರೂಪ ಬದಲಾಯಿತು. ಗಂಡ, ಹೆಂಡತಿ, ಅವಳ ತಂಗಿ, ಯಾರು ಯಾರ ಜೊತೆ ಮಲಗಿದರು ಅನ್ನೋದೇ ವಿಷಯ. ಕುರ್ಚಿ ಎಸೆಯೋರು, ಜುಟ್ಟು ಹಿಡಿಯೋರು, ಬಿಡಿಸೋಕೆ ದಾಂಡಿಗರು. ಸುತ್ತ ಕೂತವರು 'ಜೆರ್ರಿ, ಜೆರ್ರಿ' ಅಂತ ಕೂಗೋರು. ವೇದಿಕೆಗೆ ಬಂದವರು ಹೆಚ್ಚಾಗಿ ಬಡವರು, ಬಿಳಿಯರೂ ಕರಿಯರೂ. 1998ರ ಹೊತ್ತಿಗೆ ಓಪ್ರಾ ವಿನ್‌ಫ್ರೇಯನ್ನೂ ಹಿಂದಿಕ್ಕುವಷ್ಟು ಜನ ನೋಡಿದರು. ಹೀಗೇ 2018ರವರೆಗೆ ನಡೀತು. 2023ರಲ್ಲಿ ಆತ ತೀರಿಕೊಂಡ.

ಶ್ರೀಮಂತರ ಮನೆಯಲ್ಲಿ ಜಗಳ ಇಲ್ವಾ? ಇದೆ. ಆದರೆ ಅವರ ಮನೆಗೆ ಬಾಗಿಲಿದೆ, ವಕೀಲರಿದ್ದಾರೆ. ಬಡವರ ಜಗಳ ಮಾತ್ರ ಸಂತೆಗೆ ಬಂತು. ಸ್ಪ್ರಿಂಗರ್ ಕೆಟ್ಟ ಮನುಷ್ಯ ಅಂತ ನಾನು ಹೇಳ್ತಾ ಇಲ್ಲ. ನೋವಿನಿಂದ ಬಂದವನೂ ಇನ್ನೊಬ್ಬರ ನೋವನ್ನು ಮಾರಬಲ್ಲ, ಅದನ್ನು ಹೇಳ್ತಾ ಇದ್ದೀನಿ.

ನಾಳೆ ನಿಮ್ಮ ಮುಂದೂ ಯಾರೋ ಮೈಕು, ಮೊಬೈಲು ಹಿಡೀತಾರೆ. ಅಳಿ ಅಂತಾರೆ, ಬೈದಾಡಿ ಅಂತಾರೆ. ಆಗ ಮೂರು ಪ್ರಶ್ನೆ ಕೇಳಿ: ಮೈಕು ಯಾರದು? ದುಡ್ಡು ಯಾರಿಗೆ? ನಗೋರು ಯಾರು? ನಮ್ಮ ಕಥೆ ನಾವು ಹೇಳೋಣ, ನಮ್ಮ ಮೈಕಿನಲ್ಲಿ ಹೇಳೋಣ.

ಇಷ್ಟು ಹೇಳಿ ನನ್ನ ಮಾತು ಮುಗಿಸ್ತೀನಿ.